ಕತ್ತರಿ ಹಾಕುವ ಮುಂಚೆ: ಹಳೇ ಬಟ್ಟೆ, ಹೊಸ ಹೊಲಿಗೆ, ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಹಳೇ ಪ್ಯಾಂಟಿನಲ್ಲಿ ಸಂತೆ ಚೀಲ ಹೊಲಿಯುವುದನ್ನು ಬರೆದಿದ್ದೆ. ಆಮೇಲೆ ಬಂದ ಪತ್ರಗಳನ್ನೆಲ್ಲ ಹರವಿಕೊಂಡು ಕೂತಾಗ ಒಂದು ವಿಷಯ ಗೊತ್ತಾಯಿತು. ಹೊಲಿಯೋದು ಹೇಗೆ ಅಂತ ಕೇಳಿದವರು ಕಡಿಮೆ. ಕತ್ತರಿಸಲಾ ಬೇಡವಾ ಅಂತ ಕೇಳಿದವರೇ ಜಾಸ್ತಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವರ ಹನ್ನೊಂದು ರೇಷ್ಮೆ ಸೀರೆ ಬೀರುವಿನಲ್ಲಿವೆ. ನಾನು ಸೀರೆ ಉಡುವುದು ವರ್ಷಕ್ಕೆ ಎರಡು ಸಲ ಅಷ್ಟೇ. ಕೆಲವು ಮಡಿಕೆಯಲ್ಲೇ ಸೀಳಿವೆ. ಅತ್ತಿಗೆ ಕುಶನ್ ಕವರ್ ಮಾಡು ಅನ್ನುತ್ತಾರೆ. ಕತ್ತರಿ ಹಿಡಿದರೆ ಕೈ ನಡುಗುತ್ತದೆ. ಏನು ಮಾಡಲಿ?
— ಶಿವಮೊಗ್ಗದ ಓದುಗರು

ಕೈ ನಡುಗಿದರೆ ಕತ್ತರಿ ಕೆಳಗಿಡಿ. ಕತ್ತರಿಸುವ ಕೆಲಸ ಇವತ್ತೇ ಆಗಬೇಕು ಅಂತೇನಿಲ್ಲ. ಆದರೆ ಸೀರೆಗಳನ್ನು ಬೀರುವಿನಿಂದ ಹೊರಗೆ ತೆಗೆಯುವುದನ್ನು ಮಾತ್ರ ಇವತ್ತೇ ಮಾಡಿ. ರೇಷ್ಮೆ ಸುಮ್ನೆ ಇಟ್ಟರೂ ಹಾಳಾಗುತ್ತದೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಗೆರೆಯಲ್ಲೇ ಎಳೆ ಮುರಿಯುತ್ತದೆ, ಜರಿ ಇರುವ ಕಡೆ ಇನ್ನೂ ಬೇಗ. ನಿಮ್ಮ ಸೀರೆಗಳು ಸೀಳಿದ್ದೂ ಹೀಗೇ.

ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ಕೂತು ಒಂದೊಂದೇ ಸೀರೆ ಬಿಚ್ಚಿ. ಬೆಳಕಿಗೆ ಎತ್ತಿ ಹಿಡಿಯಿರಿ. ಎಳೆ ಸವೆದ ಕಡೆ ಬೆಳಕು ಜರಡಿಯಲ್ಲಿ ಬಂದ ಹಾಗೆ ಬರುತ್ತದೆ. ಆಮೇಲೆ ಎರಡೂ ಹೆಬ್ಬೆರಳು ಪಕ್ಕ ಪಕ್ಕ ಇಟ್ಟು ಬಟ್ಟೆಯನ್ನು ಮೆಲ್ಲಗೆ ಎಳೆದು ನೋಡಿ, ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಸದ್ದಿಲ್ಲದೆ ಬಿಗಿಯಾಗಿ ನಿಂತರೆ ಗಟ್ಟಿ ಇದೆ ಅಂತ. ಸಣ್ಣಗೆ ಚರ್ ಅಂದರೆ ಅಲ್ಲಿಗೆ ನಿಲ್ಲಿಸಿ, ಒಂದು ಸೇಫ್ಟಿ ಪಿನ್ ಹಾಕಿ ಗುರುತು ಮಾಡಿ. ಹನ್ನೊಂದು ಸೀರೆ ನೋಡಿ ಮುಗಿಸುವಷ್ಟರಲ್ಲಿ ಯಾವುದನ್ನು ಉಡಬಹುದು, ಯಾವುದನ್ನು ಕತ್ತರಿಸಬಹುದು ಅಂತ ಅರ್ಧ ಉತ್ತರ ಕೈಗೇ ಸಿಕ್ಕಿರುತ್ತದೆ.

ಗಟ್ಟಿ ಇರುವುದನ್ನು ಕತ್ತರಿಸಬೇಡಿ. ಉಡಿ, ಇಲ್ಲ ಉಡುವವರಿಗೆ ಕೊಡಿ. ಸೀಳಿದ್ದರಲ್ಲೂ ಸಾಮಾನ್ಯವಾಗಿ ಹಾಳಾಗಿರುವುದು ಮೈ ಭಾಗ, ಅದರಲ್ಲೂ ಅಂಚಿನ ಪಕ್ಕದ ಗೆರೆ. ಅಂಚು ಭಾರ, ಮೈ ತೆಳು, ಹಾಗಾಗಿ ಅಲ್ಲೇ ಕಿತ್ತುಕೊಳ್ಳುತ್ತದೆ. ಅಂಚು ಮತ್ತು ಸೆರಗು ಚೆನ್ನಾಗಿಯೇ ಉಳಿದಿರುತ್ತವೆ. ಅಂಚನ್ನು ಬಿಡಿಸಿ ಹತ್ತಿ ದುಪಟ್ಟಾಕ್ಕೋ ಕುರ್ತಾದ ತೋಳಿಗೋ ಹಚ್ಚಬಹುದು.

ಕುಶನ್ ಕವರ್ ಮಾತ್ರ ಬೇಡ. ನಿಮ್ಮ ಅತ್ತಿಗೆ ಬೇಜಾರು ಮಾಡಿಕೊಳ್ಳಬಾರದು. ಸವೆದ ರೇಷ್ಮೆ ಎಳೆತ ತಡೆಯುವುದಿಲ್ಲ. ಕುಶನ್ ಮೇಲೆ ಒರಗಿ ಕೂತ ಮೂರನೇ ದಿನಕ್ಕೆ ಹೊಲಿಗೆಯ ಪಕ್ಕದಲ್ಲೇ ಬಿರಿಯುತ್ತದೆ. ರವಿಕೆಯೂ ಹಾಗೇ, ಕಂಕುಳಲ್ಲಿ ಹೋಗಿಬಿಡುತ್ತದೆ. ಎಳೆತ ಬೀಳದ ಜಾಗಕ್ಕೆ ಹಾಕಿ: ಒಡವೆ ಇಡುವ ಸಣ್ಣ ಚೀಲ, ದೇವರ ಪೀಠದ ಮೇಲಿನ ಬಟ್ಟೆ, ಮೇಜಿನ ಮೇಲೆ ಹಾಸುವ ಪಟ್ಟಿ, ಗೋಡೆಗೆ ಹಾಕುವ ಫ್ರೇಮು. ಯಾವುದೇ ಆದರೂ ರೇಷ್ಮೆಯ ಹಿಂದೆ ತೆಳು ಮಲ್ ಬಟ್ಟೆ ಇಟ್ಟು ಎರಡನ್ನೂ ಸೇರಿಸಿ ಹೊಲಿಯಿರಿ. ಹೊಲಿಗೆಗೆ ಅರ್ಧ ಇಂಚಾದರೂ ಬಿಡಿ. ಇಸ್ತ್ರಿ ಕಡಿಮೆ ಬಿಸಿಯಲ್ಲಿ, ಒಳಮೈಗೆ, ಮೇಲೆ ಒಂದು ಬಟ್ಟೆ ಹಾಸಿ.

ಇನ್ನೊಂದು ಮಾತು. ಹಳೇ ರೇಷ್ಮೆ ಸೀರೆ ಕೊಳ್ಳುತ್ತೇವೆ ಅಂತ ಮನೆ ಬಾಗಿಲಿಗೆ ಬರುವವರಿಗೆ ಬೇಕಾಗಿರುವುದು ಹೆಚ್ಚಾಗಿ ಜರಿಯಲ್ಲಿರುವ ಬೆಳ್ಳಿ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಮೈಸೂರು ಸಿಲ್ಕ್ ಏನಾದರೂ ಆ ಹನ್ನೊಂದರಲ್ಲಿ ಇದ್ದರೆ ಅದರ ಜರಿ ಬೆಳ್ಳಿಗೆ ಚಿನ್ನದ ಲೇಪ ಕೊಟ್ಟದ್ದು. ಅವಸರದಲ್ಲಿ ಕೊಟ್ಟುಬಿಡಬೇಡಿ.

ನನ್ನ ಅಮ್ಮನ ಗಿಳಿಹಸಿರು ಸೀರೆಯನ್ನು ನಾನು ಎಂಟು ವರ್ಷ ಮುಟ್ಟಲಿಲ್ಲ. ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ತೆಗೆದು ಬಿಡಿಸಿದಾಗ ನಾಲ್ಕು ಕಡೆ ಸೀಳಿತು. ತುಂಬಾ ಅತ್ತೆ. ಸೆರಗಿನ ತುದಿಯಲ್ಲಿ ಹೆಬ್ಬೆರಳಗಲ ಅರಿಶಿನದ ಕಲೆ ಇತ್ತು. ಯಾವುದೋ ಹಬ್ಬದ ದಿನ ಪೂಜೆ ಮುಗಿಸಿ ಅವಸರದಲ್ಲಿ ಕೈ ಒರೆಸಿಕೊಂಡಿದ್ದು. ಆ ಕಲೆಯನ್ನು ನಡುಮಧ್ಯಕ್ಕೆ ಬರುವ ಹಾಗೆ ಇಟ್ಟುಕೊಂಡು ಒಂದು ಗೇಣಿನ ಚೌಕ ಕತ್ತರಿಸಿದೆ. ಈಗ ಅದು ನನ್ನ ಹೊಲಿಗೆ ಡಬ್ಬಿಯ ಮುಚ್ಚಳದ ಮೇಲಿದೆ, ದಿನಾ ಕೈಗೆ ತಾಗುತ್ತದೆ. ಕತ್ತರಿಸಿದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ಎಂಟು ವರ್ಷ ಬಿಚ್ಚದೆ ಇಟ್ಟಿದ್ದಕ್ಕೆ ಇವತ್ತಿಗೂ ಬೇಸರವಿದೆ.

ಅಮ್ಮ ಜಾಸ್ತಿ ಉಡುತ್ತಿದ್ದ ಒಂದು ಸೀರೆಯನ್ನು ಹಾಗೇ ಇಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತಾ ಇರಿ. ಉಳಿದವುಗಳಲ್ಲಿ ಅತಿ ಹೆಚ್ಚು ಸೀಳಿದ್ದರಿಂದ ಶುರು ಮಾಡಿ. ಮೊದಲು ಪೇಪರಿನಲ್ಲಿ ಅಳತೆ ಕತ್ತರಿಸಿ, ಹಳೇ ಲಂಗದ ಬಟ್ಟೆಯಲ್ಲಿ ಒಂದು ಸಲ ಹೊಲಿದು ನೋಡಿ, ಆಮೇಲೆ ಸೀರೆ.

ಅತ್ತೆಯ ಕಾಲದ ಕಪ್ಪು ಮಷೀನ್, ಕಾಲಿನಲ್ಲಿ ತುಳಿಯುವುದು. ಹೊಲಿದರೆ ಬಟ್ಟೆಯ ಕೆಳಗಡೆ ದಾರ ಗೂಡು ಕಟ್ಟುತ್ತದೆ. ಬಾಬಿನ್ ಮೂರು ಸಲ ಬದಲಾಯಿಸಿದೆ.
— ದಾವಣಗೆರೆ

ಬಾಬಿನ್ ಪಾಪ ಏನೂ ಮಾಡಿಲ್ಲ. ಗೂಡು ಕೆಳಗಡೆ ಕಾಣಿಸಿದರೂ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಮೇಲಿನ ದಾರ ಟೆನ್ಷನ್ ತಟ್ಟೆಗಳ ನಡುವೆ ಸರಿಯಾಗಿ ಕೂತಿರುವುದಿಲ್ಲ. ಕಾಲು, ಅಂದರೆ ಬಟ್ಟೆ ಒತ್ತುವ ಆ ಸಣ್ಣ ಪಾದ, ಅದನ್ನು ಮೇಲೆತ್ತಿ ದಾರ ಪೂರ್ತಿ ತೆಗೆದು ಮತ್ತೆ ಮೊದಲಿನಿಂದ ಪೋಣಿಸಿ. ಪಾದ ಕೆಳಗಿದ್ದರೆ ತಟ್ಟೆಗಳು ಕಚ್ಚಿಕೊಂಡಿರುತ್ತವೆ, ದಾರ ಒಳಗೆ ಹೋಗುವುದಿಲ್ಲ. ಆಗಲೂ ಸರಿಯಾಗದಿದ್ದರೆ ಟೆನ್ಷನ್ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ.

ಸೂಜಿ ಎಷ್ಟು ತಿಂಗಳಾಯಿತು ಹಾಕಿ? ಮೊಂಡಾಗಿದ್ದರೆ ಹೊಲಿಗೆ ತಪ್ಪಿಸುತ್ತದೆ. ತೆಳು ರೇಷ್ಮೆಗೆ 11, ಮಾಮೂಲಿ ಹತ್ತಿಗೆ 14, ಜೀನ್ಸಿಗೆ 16 ಅಥವಾ 18. ಹಳೇ ಸೂಜಿಯ ಚಪ್ಪಟೆ ಮೈ ಯಾವ ಕಡೆಗಿತ್ತೋ ಹೊಸದೂ ಅದೇ ಕಡೆಗಿರಲಿ. ಎಣ್ಣೆ ಬಿಟ್ಟ ಮೇಲೆ ಹಳೇ ಬಟ್ಟೆ ಚೂರಿನ ಮೇಲೆ ಐದು ನಿಮಿಷ ಓಡಿಸಿ, ಇಲ್ಲದಿದ್ದರೆ ಎಣ್ಣೆ ಕಲೆ ನಿಮ್ಮ ಒಳ್ಳೇ ಬಟ್ಟೆಗೇ ಬೀಳುತ್ತದೆ.

ನಾನು ಬಾಗಲಕೋಟೆ ಕಡೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಜ್ಜಿ ಹೊಲಿದ ಕೌದಿ ಹೊದ್ದು ಬೆಳೆದೆ, ಅದು ಈಗ ಚಿಂದಿಯಾಗಿದೆ. ನಾನೇ ಒಂದು ಹೊಲಿಯಬೇಕು ಅಂತ ಆಸೆ. ಅಮ್ಮನ ಹಳೇ ಹತ್ತಿ ಸೀರೆ ಮೂರು ಇವೆ. ಗಂಡಸು ಕೌದಿ ಹೊಲಿಯುತ್ತಾನೆ ಅಂದರೆ ಫ್ರೆಂಡ್ಸ್ ನಗುತ್ತಾರೆ ಅನ್ನೋ ಮುಜುಗರವೂ ಇದೆ.
— ಬೆಂಗಳೂರು

ನಿಮ್ಮೂರಿನ ಟೇಲರ್ ಅಂಗಡಿಯಲ್ಲಿ ಮಷೀನ್ ಮುಂದೆ ಕೂತಿದ್ದವರು ಯಾರು ಅಂತ ನೆನಪು ಮಾಡಿಕೊಳ್ಳಿ. ಮುಜುಗರದ ವಿಷಯ ಅಷ್ಟಕ್ಕೇ ಬಿಡೋಣ. ಕೌದಿ ದೊಡ್ಡ ವಿಷಯ.

ಮೂರು ಸೀರೆ ಬೇಕಾದಷ್ಟಾಯಿತು. ಲೆಕ್ಕ ನೋಡಿ. ಸೀರೆ ಐದೂವರೆ ಮೀಟರ್ ಅಂದರೆ 18 ಅಡಿ. ಅದನ್ನು ಉದ್ದದಲ್ಲಿ ಮೂರು ಮಡಿಕೆ ಮಾಡಿದರೆ 6 ಅಡಿ ಉದ್ದ, ಹತ್ತಿರ ಹತ್ತಿರ 4 ಅಡಿ ಅಗಲದ ಮೂರು ಪದರ. ಒಬ್ಬರು ಹೊದೆಯಲು ಸರಿಯಾದ ಅಳತೆ. ಒಂದು ಸೀರೆ ಹೊಟ್ಟೆಗೆ, ಅಂದರೆ ನಡುವಿನ ಮೂರು ಪದರಕ್ಕೆ, ಇನ್ನೊಂದರಲ್ಲಿ ಒಂದು ತುಂಡು ಕೆಳಗೆ, ಒಂದು ತುಂಡು ಮೇಲೆ. ಒಟ್ಟು ಐದು ಪದರ. ಮೊದಲ ಸಲ ಅದಕ್ಕಿಂತ ಜಾಸ್ತಿ ಬೇಡ, ಸೂಜಿ ತಳ್ಳಿ ತಳ್ಳಿ ಬೆರಳು ನೋಯುತ್ತದೆ. ಮೂರನೇ ಸೀರೆ ಮೇಲಿನ ತೇಪೆಗಳಿಗೆ. ಅದಕ್ಕೆ ಮನೆಯವರ ಹಳೇ ಬಟ್ಟೆಯನ್ನೂ ಸೇರಿಸಿಕೊಳ್ಳಿ: ಅಪ್ಪನ ಪಂಚೆಯ ಅಂಚು, ತಂಗಿಯ ಫ್ರಾಕು, ನಿಮ್ಮದೇ ಶಾಲೆಯ ಅಂಗಿ ಸಿಕ್ಕರೆ ಇನ್ನೂ ಒಳ್ಳೆಯದು. ಅಜ್ಜಿಯ ಚಿಂದಿ ಕೌದಿಯಲ್ಲಿ ಗಟ್ಟಿ ಉಳಿದ ತುಂಡುಗಳು ಇದ್ದೇ ಇರುತ್ತವೆ. ಅವನ್ನು ಬಿಡಿಸಿ ಇದರಲ್ಲಿ ಹಾಕಿ.

ಎಲ್ಲವನ್ನೂ ಮೊದಲು ಒಗೆದು ಒಣಗಿಸಿ. ಸೀರೆಗೆ ಫಾಲ್ ಇದ್ದರೆ ಬಿಚ್ಚಿ. ಪಾಲಿಯೆಸ್ಟರ್ ಒಂದು ತುಂಡೂ ಬೇಡ, ನಾನು ಒಮ್ಮೆ ಬಣ್ಣ ಚೆಂದ ಅಂತ ನಡುವಿನ ಪದರಕ್ಕೆ ಒಂದು ಪಾಲಿಯೆಸ್ಟರ್ ಸೀರೆ ಹಾಕಿದ್ದೆ, ಅದು ಒಳಗೊಳಗೇ ಜಾರಿ ಒಂದು ಮೂಲೆಗೆ ಹೋಗಿ ಮುದ್ದೆಯಾಯಿತು, ಒಂದೂವರೆ ತಿಂಗಳ ಹೊಲಿಗೆ ಪೂರ್ತಿ ಬಿಚ್ಚಬೇಕಾಯಿತು. ಹಳೇ ಹತ್ತಿ ಹಾಗಲ್ಲ. ಒಂದಕ್ಕೊಂದು ಅಂಟಿಕೊಂಡ ಹಾಗೆ ಕೂರುತ್ತದೆ, ಸೂಜಿ ಸಲೀಸಾಗಿ ಹೋಗುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ.

ನೆಲದ ಮೇಲೆ ಪದರಗಳನ್ನು ಸುಕ್ಕಿಲ್ಲದೆ ಹಾಸಿ. ಮೂಲೆಗಳಿಗೆ ಭಾರ ಇಡಿ. ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಡಲೇಬೇಡಿ. ಕಚ್ಚಾ ಹಾಕದಿದ್ದರೆ ಹತ್ತಿಯೂ ಸರಿಯುತ್ತದೆ. ಆಮೇಲೆ ದಪ್ಪ ಹತ್ತಿ ದಾರ, ಎರಡೆಳೆ, ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ದಾರವನ್ನು ಮೇಣದ ಮೇಲೆ ಒಂದು ಸಲ ಎಳೆದುಕೊಂಡರೆ ನುಣುಪಾಗಿ ಓಡುತ್ತದೆ. ಹೊಲಿಗೆ ಅಂದರೆ ಅದೇ ಸೂಜಿ ಒಳಗೆ, ಸೂಜಿ ಹೊರಗೆ. ಸಾಲಿನಿಂದ ಸಾಲಿಗೆ ಒಂದು ಬೆರಳಗಲ ಬಿಡಿ.

ಎಲ್ಲಿಂದ ಶುರು ಮಾಡಬೇಕು? ನನಗೆ ಇಷ್ಟವಾದದ್ದು ಉತ್ತರ ಕನ್ನಡದ ಸಿದ್ದಿ ಹೆಂಗಸರ ರೀತಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಇರುವ ಈ ಜನರ ಹಿರಿಯರು ಆಫ್ರಿಕಾದಿಂದ ಬಂದವರು. ಅವರ ಕೌದಿಗೆ ಕವಂದಿ ಅನ್ನುತ್ತಾರೆ. ಅಂಚಿನ ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಹೊಲಿಯುತ್ತಾ ಒಳಗೆ ಬರುತ್ತಾರೆ, ನಡುವಿಗೆ ಮುಗಿಯುತ್ತದೆ. ತುಂಡುಗಳನ್ನು ಮೊದಲೇ ಜೋಡಿಸಿಡುವುದಿಲ್ಲ. ಒಂದು ತುಂಡು ಇಟ್ಟು, ಅಂಚು ಒಳಗೆ ಮಡಚಿ, ಹೊಲಿದು, ಅದರ ಪಕ್ಕಕ್ಕೆ ಯಾವ ಬಣ್ಣ ಬೇಕು ಅಂತ ಆಗ ನೋಡುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮೂರು ಮೂಲೆ ಮಡಚಿ ಹೂವು ಇಡುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿದೆ ಅಂತ ಲೆಕ್ಕ. ಎಷ್ಟು ಚೆಂದದ ಮಾತು ಅಲ್ವಾ! ನೀವು ಮಾಡುವಾಗಲೂ ಕಾಗದದ ಮೇಲೆ ಡಿಸೈನ್ ಹಾಕಿಕೊಂಡು ಕೂರಬೇಡಿ. ಮುಂದಿನ ತುಂಡು ಯಾವುದು ಅಂತ ಹುಡುಕುವ ಆ ಹೊತ್ತೇ ಈ ಕೆಲಸದ ನಿಜವಾದ ಖುಷಿ.

ದಿನಕ್ಕೆ ಒಂದು ಗಂಟೆ ಹೊಲಿದರೆ ನನಗೆ ಎರಡು ತಿಂಗಳು ಬೇಕಾಗುತ್ತದೆ. ನಿಮಗೆ ಮೊದಲ ಸಲ ಮೂರು ಹಿಡಿಯಬಹುದು. ಮಳೆಗಾಲದಲ್ಲಿ ಶುರು ಮಾಡಿದರೆ ಚಳಿಗೆ ಹೊದೆಯಬಹುದು.

ಹಾಸ್ಟೆಲ್‌ನಲ್ಲಿದ್ದೇನೆ, ಮಷೀನ್ ಇಲ್ಲ. ಜೀನ್ಸ್ ಮಂಡಿಯಲ್ಲಿ ಹರಿದಿದೆ. ಕೈಹೊಲಿಗೆ ನಿಲ್ಲುತ್ತಾ?
— ಧಾರವಾಡದ ವಿದ್ಯಾರ್ಥಿನಿ

ನಿಲ್ಲುತ್ತದೆ. ಹರಿದ ಜಾಗಕ್ಕಿಂತ ಸುತ್ತಲೂ ಎರಡು ಬೆರಳು ದೊಡ್ಡದಾದ ಜೀನ್ಸ್ ತುಂಡೊಂದನ್ನು ಒಳಗಡೆಯಿಂದ ಇಡಿ. ಒಳಗೆ ಒಂದು ಪುಸ್ತಕ ಹಾಕಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಬಟ್ಟೆ ಹಿಂದಿನದಕ್ಕೆ ಸೇರಿ ಹೊಲಿಗೆಯಾಗುತ್ತದೆ. ತೇಪೆಯ ಸುತ್ತ ಹಿಂದಕ್ಕೆ ಹಾಕುವ ಹೊಲಿಗೆ ಹಾಕಿ: ಸೂಜಿಯನ್ನು ಕೆಳಗಿಂದ ಮೇಲೆ ತಂದು, ಒಂದು ಅಕ್ಕಿ ಕಾಳಿನಷ್ಟು ಹಿಂದೆ ಚುಚ್ಚಿ, ಕೆಳಗಿನಿಂದ ಎರಡು ಕಾಳಿನಷ್ಟು ಮುಂದೆ ತೆಗೆಯಿರಿ. ಮತ್ತೆ ಒಂದು ಕಾಳು ಹಿಂದೆ. ಮಷೀನ್ ಹೊಲಿಗೆಯ ಹಾಗೇ ಕಾಣುತ್ತದೆ, ಒಂದು ಕಡೆ ದಾರ ಹೋದರೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ದಾರದ ಬಣ್ಣ ಹೊಂದಲೇಬೇಕು ಅಂತಿಲ್ಲ. ಹರಿದಿದ್ದನ್ನು ಮುಚ್ಚಿಡುವ ಬದಲು ಕೆಂಪು ದಾರದಲ್ಲಿ ಸಾಲು ಸಾಲು ಹೊಲಿಗೆ ಹಾಕಿ ನೋಡಿ. ನೀವು ಇರುವುದು ಕಸೂತಿಯ ಊರಿನಲ್ಲಿ.

ಮೆಲ್ಬರ್ನ್‌ನಲ್ಲಿದ್ದೇವೆ. ಅತ್ತೆ ಕೊಟ್ಟ ಇಳಕಲ್ ಸೀರೆಯ ಮೈ ಮೇಲೆ ತೊಳೆದರೂ ಹೋಗದ ಎಣ್ಣೆ ಕಲೆ. ಸೆರಗು ಚೆನ್ನಾಗಿದೆ. ಕತ್ತರಿಸಿ ಮಗಳಿಗೆ ಏನಾದರೂ ಹೊಲಿಯಲಾ?

ಕತ್ತರಿಸುವುದು ಕೊನೆಗೆ. ಕಲೆ ಅಂಗೈಯಷ್ಟಿದ್ದರೆ ಮೊದಲು ಅದರ ಮೇಲೆ ಕಸೂತಿ ಹಾಕಲು ನೋಡಿ. ಇಳಕಲ್ ಸೀರೆಗೂ ಕಸೂತಿಗೂ ಹಳೇ ನಂಟು. ಕಸೂತಿಯಲ್ಲಿ ಬರುವ ಗವಂತಿ ಹೊಲಿಗೆ ಕಲಿಯುವುದು ಕಷ್ಟವಲ್ಲ. ಎಳೆ ಎಣಿಸಿಕೊಂಡು ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬುತ್ತೀರಿ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಹಾಕುವ ಹಾಗಿಲ್ಲ. ಕಲೆ ಇದ್ದ ಕಡೆ ಒಂದು ಗೋಪುರವೋ ತುಳಸಿಕಟ್ಟೆಯೋ ನಿಂತರೆ ಕಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೊಂದೇ ಒಂಟಿಯಾಗಿ ಕಾಣದ ಹಾಗೆ ಅಲ್ಲಲ್ಲಿ ಇನ್ನೂ ನಾಲ್ಕೈದು ಹಾಕಿ.

ಕಲೆ ದೊಡ್ಡದಿದ್ದರೆ ಕತ್ತರಿಸಿ. ಆದರೆ ಒಂದು ಎಚ್ಚರ. ಇಳಕಲ್‌ನಲ್ಲಿ ಮೈಯ ಹಾಸು (ಉದ್ದಕ್ಕೆ ಓಡುವ ಎಳೆಗಳು) ಮತ್ತು ಸೆರಗಿನ ಹಾಸು ಬೇರೆ ಬೇರೆ, ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೆರಗು ಶುರುವಾಗುವ ಕಡೆ ಆ ಗೆರೆ ಕಾಣುತ್ತದೆ. ಅದರ ಪಕ್ಕದಲ್ಲೇ ಕತ್ತರಿ ಆಡಿಸಬೇಡಿ, ಮೈ ಕಡೆ ಒಂದು ಗೇಣಾದರೂ ಬಿಟ್ಟು ಕತ್ತರಿಸಿ. ಆ ಜೋಡಣೆ ಸಮೇತ ಸೆರಗನ್ನು ಮಗಳ ಲಂಗದ ಮುಂಭಾಗಕ್ಕೆ ತನ್ನಿ. ಮೇಲೆ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಲಿದ ಪೋಲ್ಕಾ (ರವಿಕೆ) ಹಾಕಿದರೆ ಜೋಡಿ ಸರಿಹೋಗುತ್ತದೆ. ಖಣದ ಅಂಚು ಎಳೆ ಬಿಟ್ಟುಕೊಳ್ಳುತ್ತದೆ, ಕತ್ತರಿಸಿದ ಕೂಡಲೇ ಓವರ್‌ಲಾಕ್ ಮಾಡಿ. ಸೊಂಟದಲ್ಲಿ ಮತ್ತು ಕೆಳಗೆ ಎರಡೆರಡು ಇಂಚು ಒಳಗೆ ಮಡಚಿಡಿ, ಮಗಳು ಬೆಳೆಯುತ್ತಾಳೆ.

ರಾತ್ರಿ ಊಟ ಆದ ಮೇಲೆ ಹಳೇ ಬಟ್ಟೆ ಹೊಲಿಯುತ್ತಾ ಕೂರುತ್ತೇನೆ. ಹೊಸದೇ ಇನ್ನೂರು ರೂಪಾಯಿಗೆ ಸಿಗುತ್ತದಲ್ಲ, ಯಾಕೆ ಕಣ್ಣು ಹಾಳು ಮಾಡಿಕೊಳ್ತೀಯ ಅಂತಾರೆ ಮನೆಯವರು. ಅವರು ಹೇಳೋದೂ ಸರಿ ಅನ್ನಿಸುತ್ತೆ.
— ಹಾಸನ

ದುಡ್ಡಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ. ದಾರ, ಲೈನಿಂಗ್, ಜಿಪ್ಪು, ನಿಮ್ಮ ನಾಲ್ಕು ರಾತ್ರಿ ಸೇರಿಸಿದರೆ ಇನ್ನೂರಕ್ಕಿಂತ ಜಾಸ್ತಿಯೇ ಆಗುತ್ತದೆ. ಉಳಿತಾಯ ಅಂತ ಅವರ ಹತ್ತಿರ ವಾದ ಮಾಡಬೇಡಿ, ಸೋಲುತ್ತೀರಿ.

ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತೀರಲ್ಲ, ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋಗುತ್ತದೆ. ಅದಕ್ಕೆ ಎಷ್ಟು ಖರ್ಚಾಯಿತು ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಇದೂ ಅದೇ ಥರದ್ದು. ದಿನವಿಡೀ ನೀವು ಮಾಡುವ ಕೆಲಸ, ಅಡುಗೆ, ಪಾತ್ರೆ, ಆಫೀಸಿನ ಫೈಲು, ಮರುದಿನ ಮತ್ತೆ ಮೊದಲಿನಿಂದ. ಹೊಲಿದ ಬಟ್ಟೆ ಮಾತ್ರ ರಾತ್ರಿ ಎಲ್ಲಿಗೆ ಬಿಟ್ಟಿರೋ ಬೆಳಗ್ಗೆಯೂ ಅಲ್ಲೇ ಇರುತ್ತದೆ, ಮುಂದಿನ ಸಾಲು ಅಲ್ಲಿಂದಲೇ. ಕೆಟ್ಟ ದಿನಗಳಲ್ಲಿ ನನ್ನನ್ನು ಎಷ್ಟೋ ಸಲ ಹಿಡಿದು ನಿಲ್ಲಿಸಿದ್ದು ಇದೇ. ಆ ಒಂದು ಗಂಟೆ ನಿಮ್ಮದು, ಅದನ್ನು ಯಾರಿಗೂ ಬಿಟ್ಟುಕೊಡಬೇಡಿ.

ಕಣ್ಣಿನ ಮಾತು ಮಾತ್ರ ಕೇಳಿ. ಒಂದು ಮೇಜು ದೀಪ ತನ್ನಿ, ಬಲಗೈಯವರಾದರೆ ಎಡಗಡೆಯಿಂದ ಬೆಳಕು ಬೀಳಲಿ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದ ಕೆಲಸವನ್ನು ಭಾನುವಾರದ ಹಗಲಿಗೆ ಇಟ್ಟುಕೊಳ್ಳಿ.

ಎಂಟು ವರ್ಷದ ಮಗ ನಾನು ಹೊಲಿಯುವಾಗ ಪಕ್ಕದಲ್ಲೇ ಕೂತು ಸೂಜಿ ಕೇಳುತ್ತಾನೆ. ಕೊಡಲಾ?
— ಮಂಡ್ಯ

ಕೊಡಿ. ಮೊಂಡು ತುದಿಯ ದೊಡ್ಡ ಸೂಜಿ, ಉಲ್ಲನ್ ದಾರ, ಒಂದು ತುಂಡು ಗೋಣಿಚೀಲ. ಗೋಣಿಯ ತೂತು ಕಣ್ಣಿಗೆ ಕಾಣುತ್ತದೆ, ಬಲ ಹಾಕಿ ಚುಚ್ಚಬೇಕಾಗಿಲ್ಲ. ನಾಲ್ಕು ದಿನ ಬಿಟ್ಟು ಅವನದೇ ಶಾಲೆ ಅಂಗಿಯ ಬಿದ್ದುಹೋದ ಗುಂಡಿ ಹಚ್ಚಲು ಕೊಡಿ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ಮೇಲಿಂದ ದಾರ ಬರುವ ಹಾಗೆ ಹೊಲಿಯಲಿ. ಕೊನೆಗೆ ಕಡ್ಡಿ ಎಳೆದು, ಸಡಿಲವಾದ ದಾರದ ಬುಡಕ್ಕೆ ಮೂರು ಸುತ್ತು ಸುತ್ತಿದರೆ ಗುಂಡಿ ಕಾಜಾದೊಳಗೆ ಸಲೀಸಾಗಿ ಹೋಗುತ್ತದೆ. ಸೊಟ್ಟಗೆ ಬಂದರೂ ಬಿಚ್ಚಿ ಸರಿ ಮಾಡಬೇಡಿ. ಕೊನೆಯ ಗಂಟನ್ನೂ ಅವನೇ ಹಾಕಲಿ, ಹಾಗೇ ಶಾಲೆಗೆ ಹಾಕಿಕೊಂಡು ಹೋಗಲಿ.